ತಪ್ಪಿದವರು ಬೇವಿನ ಮರ ಸುತ್ತಿ ಬನ್ನಿ

ನಾನು ನಲಿಕಲಿ ಟೀಚರ್. ಒಂದರಿಂದ ಮೂರನೇ ಕ್ಲಾಸಿನವರೆಗೆ 23 ಮಕ್ಕಳು, ಒಂದೇ ಕೋಣೆ. ಪಿಟಿ ಮಾಸ್ಟರ್ ಇಲ್ಲ, ಹಾಗಾಗಿ ಆಟ ಆಡಿಸುವುದೂ ನಾನೇ.

ಮೊದಮೊದಲು ಕೆರೆ-ದಡ ಆಡಿಸುತ್ತಿದ್ದೆ. ‘ಕೆರೆ’ ಅಂದರೆ ಗೆರೆ ದಾಟಿ ಒಳಗೆ ಹಾರಬೇಕು, ‘ದಡ’ ಅಂದರೆ ಹೊರಗೆ. ತಪ್ಪಿದವರು ಔಟ್. ಒಂದು ದಿನ ತಿರುಗಿ ನೋಡುತ್ತೇನೆ, ಒಂದನೇ ಕ್ಲಾಸಿನ ಪುಟಾಣಿಗಳೆಲ್ಲ ಆಗಲೇ ಔಟಾಗಿ ಜಗಲಿ ಅಂಚಲ್ಲಿ ಕೂತು ಕಡ್ಡಿಯಿಂದ ಮಣ್ಣು ಗೀರುತ್ತಿದ್ದಾರೆ. ಕೊನೆವರೆಗೂ ಹಾರುತ್ತಿದ್ದವರು ಮೂರನೇ ಕ್ಲಾಸಿನ ಮೂವರು ಹುಡುಗರು. ಅವರೋ, ಹೇಳದಿದ್ದರೂ ಮರ ಹತ್ತುವವರು!

ಔಟ್ ಅನ್ನುವುದನ್ನೇ ತೆಗೆದುಹಾಕಿದೆ. ತಪ್ಪಿದವರು ಅಂಗಳದ ಬೇವಿನ ಮರಕ್ಕೆ ಒಂದು ಸುತ್ತು ಓಡಿ ಮತ್ತೆ ಆಟಕ್ಕೆ ಸೇರಬೇಕು. ಎರಡೇ ದಿನಕ್ಕೆ ಬೇಕಂತಲೇ ತಪ್ಪುವುದಕ್ಕೆ ಶುರು ಮಾಡಿದರು. ‘ಕೆರೆ’ ಅಂದರೂ ದಡದಲ್ಲೇ ನಿಂತು, ನನ್ನ ಮುಖ ನೋಡಿ ಕಿಸಕ್ಕನೆ ನಕ್ಕು ಓಟ. ಸುಮ್ನೆ ಬಿಟ್ಟೆ. ನನಗೆ ಬೇಕಿದ್ದದ್ದೂ ಓಟವೇ ಅಲ್ವಾ?

ಕುಂಟೆಬಿಲ್ಲೆಯದ್ದು ಬೇರೆ ತಾಪತ್ರಯ. ಒಬ್ಬರು ಕುಂಟುವಾಗ ಉಳಿದವರೆಲ್ಲ ಕಾಯಬೇಕು. ಅದಕ್ಕೇ ಆರು ಕಡೆ ಮನೆ ಬರೆದೆ. ಮಣ್ಣಿನ ಮೇಲೆ ಚಾಕ್‌ಪೀಸ್ ಎಲ್ಲಿ ಹತ್ತುತ್ತದೆ, ರಂಗೋಲಿ ಪುಡಿಯೇ ಗತಿ. ಬಿಲ್ಲೆಗೆ ಒಡೆದ ಹಂಚಿನ ಚೂರು. ಮನೆಯೊಳಗೆ ಅಂಕಿ ಬರೆಸಿ ಗಣಿತವನ್ನೂ ಸೇರಿಸಬಹುದು, ಆದರೆ ಪ್ರತಿ ಆಟಕ್ಕೂ ಪಾಠ ತುರುಕಿದರೆ ಮಕ್ಕಳಿಗೆ ಬೇಗ ವಾಸನೆ ಹತ್ತುತ್ತದೆ.

ನಾನು ಮಾಡಿದ ಎಡವಟ್ಟು ಅಂದರೆ ಬಿಸಿಯೂಟ ಆದ ತಕ್ಷಣ ಓಡಿಸಿದ್ದು. ಒಬ್ಬ ಹುಡುಗ ತಿಂದ ಅನ್ನ-ಸಾಂಬಾರನ್ನೆಲ್ಲ ಕಕ್ಕಿಬಿಟ್ಟ. ಅವತ್ತಿನಿಂದ ಊಟಕ್ಕೆ ಮುಂಚೆ 20 ನಿಮಿಷ, ಸಂಜೆ ಬಿಡುವ ಮೊದಲು 20 ನಿಮಿಷ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ಇಪ್ಪತ್ತನ್ನು ಮನೆಯವರ ಪಾಲಿಗೆ ಬಿಟ್ಟಿದ್ದೇನೆ.

ಎರಡನೇ ಕ್ಲಾಸಿನ ಒಬ್ಬಳು ಮಾತ್ರ ಜಗಲಿಯ ಕಂಬ ಬಿಡುತ್ತಿರಲಿಲ್ಲ. ಕರೆದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಒತ್ತಾಯ ಮಾಡದೆ, ‘ಕೆರೆ, ದಡ’ ಕೂಗುವ ಕೆಲಸ ಕೊಟ್ಟೆ. ಮೊದಲ ದಿನ ದನಿಯೇ ಕೇಳಲಿಲ್ಲ. ಮೂರನೇ ದಿನ ‘ಕೆರೆ, ಕೆರೆ, ಕೆರೆ’ ಅಂತ ಎಲ್ಲರನ್ನೂ ಏಮಾರಿಸುತ್ತಿದ್ದಳು. ಆಮೇಲೊಂದು ದಿನ ನನ್ನ ಸೆರಗು ಜಗ್ಗಿದಳು.

‘ಮಿಸ್, ಇವತ್ತು ನೀವೇ ಕೂಗಿ.’