ತೋಟಕ್ಕೂ ಟ್ರ್ಯಾಕಿಗೂ ಒಂದೇ ಕಾರು: ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಮಾರುತಿ ಬಲೆನೊ ಆರ್‌ಎಸ್ ತಗೊಂಡೆ ಅಂದಾಗ ಗೋಣಿಕೊಪ್ಪದ ನಮ್ಮ ಗುಂಪಿನಲ್ಲಿ ಒಬ್ಬರೂ ಒಳ್ಳೆ ಮಾತು ಆಡಲಿಲ್ಲ. "ಆ ತಗಡು ಡಬ್ಬ ತಗೊಂಡು ಟ್ರ್ಯಾಕಿಗೆ ಹೋಗ್ತೀಯಾ ಮಾರಾಯ?" ಅಂತ ನಗು ಬೇರೆ. ಈಗ ಕೆಲವು ವರ್ಷ ಆಯಿತು. ದಿನಾ ತೋಟಕ್ಕೆ ಹೋಗುವುದು ಅದರಲ್ಲೇ, ಮಗಳನ್ನು ಶಾಲೆಗೆ ಬಿಡುವುದು ಅದರಲ್ಲೇ. ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಅದನ್ನೇ ಓಡಿಸಿಕೊಂಡು ಹೋಗುತ್ತೇನೆ, ಸಂಜೆವರೆಗೆ ಟ್ರ್ಯಾಕಿನಲ್ಲಿ ಓಡಿಸಿ ಮರುದಿನ ಅದರಲ್ಲೇ ಮನೆಗೆ ಬರುತ್ತೇನೆ. ಲಾರಿ ಮೇಲೆ ಹೇರಿಸಿಕೊಂಡು ಬಂದದ್ದಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಇಂಥದ್ದೇ ಕಾರು ಎಲ್ಲಾದರೂ ಸಿಗುತ್ತಾ ಅಂತ ನನ್ನನ್ನೇ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಕೊಡಗಿನವರಿಗೆ ಮೋಟಾರ್ ಓಟ ಹೊಸದಲ್ಲ. ಗದ್ದೆಯಲ್ಲಿ ಆಟೊಕ್ರಾಸ್, ತೋಟದ ರಸ್ತೆಯಲ್ಲಿ ರ‍್ಯಾಲಿ, ಜೀಪು ಹತ್ತಿಸುವ ಸ್ಪರ್ಧೆ, ಎಲ್ಲ ನೋಡಿಯೇ ಬೆಳೆದವರು ನಾವು. ಆದರೆ ಅದೆಲ್ಲ ಮಣ್ಣು. ಮಣ್ಣಿನಲ್ಲಿ ಬಂಪರ್ ಹೋಗುತ್ತೆ, ಸಸ್ಪೆನ್ಷನ್ ಹೋಗುತ್ತೆ. ಟಾರ್ ಟ್ರ್ಯಾಕ್ ತಿನ್ನುವುದು ಬ್ರೇಕು ಮತ್ತು ಟೈರು. ಮಣ್ಣಿನ ಲೆಕ್ಕ ಇಟ್ಟುಕೊಂಡು ಟ್ರ್ಯಾಕಿಗೆ ಕಾರು ಆರಿಸಿದರೆ ಜೇಬು ಖಾಲಿ.

ಇದಕ್ಕೆ ಮುಂಚೆ ನನ್ನಲ್ಲಿ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಟರ್ಬೊ ಹ್ಯಾಚ್‌ಬ್ಯಾಕ್ ಇತ್ತು. ಕಂಪನಿ ಹೆಸರು ಬೇಡ. ಮಡಿಕೇರಿ ರಸ್ತೆಯಲ್ಲಿ ಅದರಷ್ಟು ಸುಖ ಇನ್ನೊಂದಿಲ್ಲ. ಟ್ರ್ಯಾಕಿನಲ್ಲಿ ನಾಲ್ಕೈದು ಲ್ಯಾಪ್ ಆದರೆ ಸಾಕು, ಗೇರ್‌ಬಾಕ್ಸ್ ಬಿಸಿಯಾಗಿ ದೀಪ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಎಷ್ಟು ಒತ್ತಿದರೂ ಕಾರಿಗೆ ಜೀವ ಇಲ್ಲ. ಅರ್ಧ ಗಂಟೆ ಆರಿಸಬೇಕು, ಮತ್ತೆ ನಾಲ್ಕು ಲ್ಯಾಪ್. ಹೀಗೇ ಒಂದು ಸೀಸನ್ ಹೋಯಿತು. ಕೊನೆಗೆ ಗೇರ್‌ಬಾಕ್ಸಿನೊಳಗಿನ ಒಂದು ಘಟಕ ಕೈಕೊಟ್ಟಿತು. ಮೈಸೂರಿನಲ್ಲಿ ಕೊಟ್ಟ ಎಸ್ಟಿಮೇಟು ಒಂದೂವರೆ ಲಕ್ಷದ ಹತ್ತಿರ. ರಿಪೇರಿ ಮಾಡಿಸಿ ಅದೇ ತಿಂಗಳು ಮಾರಿದೆ.

ಆಮೇಲೆ ಬೇಟೆ ಶುರು. ಅಬಾರ್ಥ್ ಪುಂಟೊ ಮೇಲೆ ಮನಸ್ಸಿತ್ತು, ಸುಳ್ಳು ಯಾಕೆ ಹೇಳಲಿ. 145 ಪಿಎಸ್ (ಅಶ್ವಶಕ್ತಿ), ಎಳೆಯುವ ಬಲ 212 ಎನ್‌ಎಂ, ನಾಲ್ಕೂ ಚಕ್ರಕ್ಕೆ ಡಿಸ್ಕ್. ಆದರೆ ಹನ್ನೆರಡು ನೂರು ಕೆಜಿ ತೂಕ. ಫಿಯೆಟ್ ಇಲ್ಲಿಂದ ಜಾಗ ಖಾಲಿ ಮಾಡಿ ವರ್ಷಗಳಾದವು, ಗೋಣಿಕೊಪ್ಪದಲ್ಲಿ ಕೂತು ಅದರ ಒಂದು ಸೆನ್ಸರಿಗೆ ಕಾಯುವುದು ಆಗದ ಮಾತು. ಪೋಲೊ ಒನ್ ಲೀಟರ್ ಟಿಎಸ್‌ಐ ಮ್ಯಾನ್ಯುಯಲ್ ನಿಜಕ್ಕೂ ಒಳ್ಳೆ ಕಾರು. ಅದು ಗೊತ್ತಿರುವುದರಿಂದಲೇ ಯಾರೂ ಕಡಿಮೆಗೆ ಬಿಡುವುದಿಲ್ಲ. ವರ್ಟಸ್ ಜಿಟಿ ಬಗ್ಗೆ ಮಾತೇ ಬೇಡ, ಹದಿನೈದು ಲಕ್ಷ ದಾಟುವ ಕಾರನ್ನು ಟ್ರ್ಯಾಕಿಗೆ ಇಳಿಸುವ ಧೈರ್ಯ ನನಗಿಲ್ಲ. ಸ್ವಿಫ್ಟ್ ನಮ್ಮ ಕಡೆ ಅನ್ನ-ಸಾರು ಇದ್ದ ಹಾಗೆ, ಯಾರಿಗೂ ಮೋಸ ಇಲ್ಲ. ಆದರೆ ಹಿಂದೆ ಡ್ರಮ್ ಬ್ರೇಕು, ಮತ್ತೆ ಟರ್ಬೊ ಇಲ್ಲ.

ಟರ್ಬೊ ಯಾಕೆ ಅಂದರೆ, ವಿರಾಜಪೇಟೆ ಕಡೆ ಸುಮಾರು ಒಂಬತ್ತು ನೂರು ಮೀಟರ್ ಎತ್ತರ, ಮಡಿಕೇರಿ ಹನ್ನೊಂದು ನೂರಕ್ಕೂ ಮೇಲೆ. ನೂರು ಮೀಟರಿಗೆ ಹತ್ತಿರ ಹತ್ತಿರ ಶೇಕಡಾ ಒಂದರಷ್ಟು ಶಕ್ತಿ ಸಾದಾ ಎಂಜಿನ್ನಿನಲ್ಲಿ ಸೋರಿಹೋಗುತ್ತೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಅದಕ್ಕೆ ಆ ಪೆಟ್ಟು ಕಡಿಮೆ. ಸ್ವಿಫ್ಟಿನ 83 ಪಿಎಸ್‌ನಲ್ಲಿ ಏಳೆಂಟು ಹೋದರೆ ಉಳಿಯುವುದೇನು? ವರ್ಷವಿಡೀ ಓಡಿಸುವುದು ಇಲ್ಲೇ ತಾನೇ.

ಬಲೆನೊ ಆರ್‌ಎಸ್ 2017ರಲ್ಲಿ ಬಂತು, ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ 2020ರ ಶುರುವಿನಲ್ಲಿ ನಿಂತೂ ಹೋಯಿತು. 998 ಸಿಸಿ, ಮೂರು ಸಿಲಿಂಡರ್, ಟರ್ಬೊ, 102 ಪಿಎಸ್, 150 ಎನ್‌ಎಂ, ಐದು ಗೇರಿನ ಮ್ಯಾನ್ಯುಯಲ್. ತೂಕ 950 ಕೆಜಿ. ಹಿಂದೆಯೂ ಡಿಸ್ಕ್. ಟನ್ನಿಗೆ ಹಾಕಿದರೆ ನೂರಾ ಏಳು ಪಿಎಸ್ ಬರುತ್ತೆ. ಹಳೆಯ ಪೋಲೊ ಜಿಟಿ ಟಿಎಸ್‌ಐಯದ್ದು ತೊಂಬತ್ತೈದರ ಆಸುಪಾಸು. ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದರೂ ನಮ್ಮವರು ನಂಬಲಿಲ್ಲ. ಬಾಗಿಲು ಹಾಕಿದಾಗ ಸದ್ದು ಗಟ್ಟಿ ಬರಲಿಲ್ಲವಂತೆ, ಅದೇ ದೊಡ್ಡ ದೂರು. ಬಾಗಿಲಿನ ಸದ್ದಿನಿಂದ ಲ್ಯಾಪ್ ಟೈಮ್ ಇಳಿಯುತ್ತಾ?

ಇನ್ನೊಂದು ವಿಷಯವನ್ನು ಕಾರು ಆರಿಸುವಾಗ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇವಕ್ಕೆ ಬಳಸಿದರೆ ಕವರ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತೆ. ಟ್ರ್ಯಾಕಿನಲ್ಲಿ ಗೋಡೆಗೆ ಹೊಡೆದರೆ ದುಡ್ಡು ನಮ್ಮದೇ. ಹಾಗಾಗಿ ನಾನು ಇಟ್ಟುಕೊಂಡ ಅಳತೆ ಒಂದೇ. ಇವತ್ತು ಈ ಕಾರು ಗುಜರಿಗೆ ಹೋದರೆ ನಾಳೆ ಮನೆಯಲ್ಲಿ ಜಗಳ ಎಷ್ಟು ದಿನ? ಆರು ಲಕ್ಷದೊಳಗಾದರೆ ಒಂದು ತಿಂಗಳು. ಅದಕ್ಕಿಂತ ಮೇಲಾದರೆ ಹೇಳುವುದು ಕಷ್ಟ.

ಕಾರು ಸಿಕ್ಕಿದ್ದು ಮೈಸೂರಿನಲ್ಲಿ. ಮಂಗಳೂರು ಕಡೆಯದ್ದನ್ನು ಬೇಕೆಂದೇ ನೋಡಲಿಲ್ಲ, ಉಪ್ಪುಗಾಳಿಯ ತುಕ್ಕಿನ ಮೇಲೆ ನಮ್ಮ ಮಳೆಯೂ ಸೇರಿದರೆ ಅಡಿಭಾಗ ಉಳಿಯಲ್ಲ. ಐದೂಮುಕ್ಕಾಲು ಹೇಳಿದರು, ಐದು ನಲವತ್ತಕ್ಕೋ ಏನೋ ಮುಗಿಯಿತು. ಬಾಡಿ ಕಿಟ್ ಮತ್ತು ಬ್ಯಾಡ್ಜ್ ನೋಡಿ ಆರ್‌ಎಸ್ ಅಂತ ನಂಬಬೇಡಿ. ಬಗ್ಗಿ ಹಿಂದಿನ ಚಕ್ರದಲ್ಲಿ ಡಿಸ್ಕ್ ಇದೆಯಾ ನೋಡಿ, ಆರ್‌ಸಿಯಲ್ಲಿ ಸಿಸಿ ಎಷ್ಟಿದೆ ನೋಡಿ. ಹಳೆಯ ಮಾಲೀಕ ಎತ್ತರ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದ. ನೋಡಲು ಚೆಂದ. ಮಾಕುಟ್ಟ ಘಾಟಿಯಲ್ಲಿ ಒಂದು ಸಲ ಇಳಿದೆ ಅಷ್ಟೇ, ಪ್ರತಿ ಗುಂಡಿಗೂ ಸೊಂಟಕ್ಕೆ ಏಟು. ನಮ್ಮ ತೋಟದ ಮೋರಿ ದಾಟುವಾಗ ಅಡಿ ಕೆರೆದ ಸದ್ದು ಕೇಳಿ ಅಪ್ಪ ಹೊರಗೆ ಬಂದರು. ಮಾರನೇ ವಾರವೇ ಒರಿಜಿನಲ್ ಸ್ಪ್ರಿಂಗ್ ಹಾಕಿಸಿದೆ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮಾತ್ರ ಬೇರೆಯದ್ದು. ಯಾವುದು ಅಂತ ಕೇಳಬೇಡಿ.

ಇನ್ನು ಬ್ರೇಕಿನ ಕತೆ. ಸುಮಾರು ಮೂರನೇ ಒಂದು ಪಾಲು ದುಡ್ಡು, ಮುಕ್ಕಾಲು ತಲೆನೋವು ಇದರಲ್ಲೇ.

ಮೊದಲ ಸಲ ಕರಿಗೆ ಹೋದಾಗ ಒಳಗಿದ್ದದ್ದು ಒಂದು ಮಳೆಗಾಲ ಕಂಡ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಮೂರನೇ ಲ್ಯಾಪಿನಲ್ಲಿ ಪೆಡಲ್ ಮೆತ್ತಗಾಯಿತು, ನಾಲ್ಕನೆಯದರಲ್ಲಿ ಹತ್ತಿರ ಹತ್ತಿರ ನೆಲಕ್ಕೆ ಹೋಯಿತು. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಎಳೆದುಕೊಂಡ ಮೇಲೆ ಅದೇ 155. ನೀರು ಎಳೆಯುವುದು ಅದರ ಗುಣ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಹಾಕಿದ ಬಟ್ಟೆಯೇ ಒಣಗದ ಊರು ನಮ್ಮದು. ಬಯಲುಸೀಮೆಯವರು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ನಡೆಯಬಹುದು. ಇಲ್ಲಿ ವರ್ಷಕ್ಕೊಮ್ಮೆ, ಅದೂ ಮಳೆ ಪೂರ್ತಿ ನಿಂತ ಮೇಲೆ. ಮೇ ತಿಂಗಳಲ್ಲಿ ಬದಲಿಸಿ ಜನವರಿಯಲ್ಲಿ ಟ್ರ್ಯಾಕಿಗೆ ಹೋದರೆ ಬದಲಿಸಿಯೂ ದಂಡ. ಈಗ ಡಾಟ್ 5.1 ಹಾಕುತ್ತೇನೆ. ಅದೂ ಗ್ಲೈಕಾಲ್ ಜಾತಿಯದ್ದೇ, ಡಾಟ್ 4 ಇದ್ದ ಕಡೆ ನಡೆಯುತ್ತೆ. ಡಾಟ್ 5 ಮಾತ್ರ ಬೇರೆ ಜಾತಿ, ಅಂಗಡಿಯವರು ಅದನ್ನೇ ಕೊಟ್ಟು ಎರಡೂ ಒಂದೇ ಅಂದರೆ ವಾಪಸ್ ಕೊಡಿ.

ಆಯಿಲ್ ಸರಿಯಾದ ಮೇಲೆ ಬ್ರೇಕ್ ಪ್ಯಾಡ್ ಕೈಕೊಟ್ಟಿತು. ಪೆಡಲ್ ಗಟ್ಟಿಯಾಗೇ ಇದೆ, ಕಾರು ಮಾತ್ರ ನಿಲ್ಲುತ್ತಿಲ್ಲ. ಸರಿ ಅಂತ ಹದಿನಾಲ್ಕು ಸಾವಿರ ಕೊಟ್ಟು ಟ್ರ್ಯಾಕ್ ಪ್ಯಾಡ್ ತರಿಸಿದೆ. ಟ್ರ್ಯಾಕಿನಲ್ಲಿ ಅದ್ಭುತ. ಮನೆಗೆ ಬಂದ ಮೇಲೆ ಪಾಡು ಶುರು. ಆ ಪ್ಯಾಡು ಬಿಸಿಯಾಗದೆ ಕಚ್ಚುವುದಿಲ್ಲ. ಬೆಳಿಗ್ಗೆ ಆರೂವರೆಗೆ, ಮಂಜು, ರಸ್ತೆ ಒದ್ದೆ, ಗೇಟಿನಿಂದ ಇಳಿದ ಕೂಡಲೇ ಮೊದಲ ತಿರುವು. ಕಾಲಿಟ್ಟರೆ ಏನೂ ಆಗಲ್ಲ. ತಿತಿಮತಿ ದಾಟಿ ಆನೆಚೌಕೂರು ಕಾಡಿನ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಗೊತ್ತು, ಆನೆ ಅಡ್ಡ ಬಂದಾಗ ಬ್ರೇಕ್ ಬಿಸಿಯಾಗಲಿ ಅಂತ ಕಾಯಲು ಆಗಲ್ಲ.

ಗೋಣಿಕೊಪ್ಪದ ನಮ್ಮ ಮೆಕ್ಯಾನಿಕ್ "ಅಣ್ಣ, ಎರಡು ಸೆಟ್ ಇಟ್ಕೊಳ್ಳಿ, ಅಲ್ಲಿ ಹೋಗಿ ಬದಲಿಸ್ಕೊಳ್ಳಿ" ಅಂದ. ಮಾಡಿದೆ. ಒಂದು ಸೀಸನ್ ಕಳೆಯುವಷ್ಟರಲ್ಲಿ ಸ್ಟೇರಿಂಗ್ ನಡುಗಲು ಶುರುವಾಯಿತು. ಡಿಸ್ಕ್ ಸೊಟ್ಟಗಾಗಿದೆ ಅಂತ ಎಲ್ಲರೂ ಹೇಳಿದರು. ಡಯಲ್ ಗೇಜ್ ಹಾಕಿ ಅಳೆದು ನೋಡಿದರೆ ಸೊಟ್ಟ ಇಲ್ಲ. ಎರಡು ಬೇರೆ ಬೇರೆ ಪ್ಯಾಡಿನ ಪುಡಿ ಒಂದೇ ಡಿಸ್ಕಿನ ಮೇಲೆ ತೇಪೆ ತೇಪೆಯಾಗಿ ಕೂತಿತ್ತು. ಅಲ್ಲಿಂದ ಪ್ಯಾಡಿನ ಜೊತೆ ಡಿಸ್ಕನ್ನೂ ಬದಲಿಸುತ್ತೇನೆ. ಟ್ರ್ಯಾಕಿನ ಜೋಡಿ ಬೇರೆ, ಮನೆಯ ಜೋಡಿ ಬೇರೆ. ಕ್ಯಾಲಿಪರ್ ಬ್ರ್ಯಾಕೆಟ್ಟಿನ ಎರಡು ಬೋಲ್ಟ್ ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತೆ. ಎರಡೂ ಕಡೆ ಸೇರಿ ಮುಕ್ಕಾಲು ಗಂಟೆ. ಮುಂದಿನ ಡಿಸ್ಕ್ ಜೋಡಿಗೆ ಐದಾರು ಸಾವಿರ ಹೋಯಿತು, ನಡುಕ ಮತ್ತೆ ಬರಲಿಲ್ಲ. ಹಿಂದೆ ಕಂಪನಿ ಪ್ಯಾಡೇ ಸಾಕು, ಅದನ್ನು ಮುಟ್ಟಬೇಡಿ. ಮಳೆಗಾಲದಲ್ಲಿ ಟ್ರ್ಯಾಕ್ ಡಿಸ್ಕಿಗೆ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತೇನೆ. ಹಾಕುವ ಮುಂಚೆ ಎಣ್ಣೆ ಪೂರ್ತಿ ತೊಳೆಯಬೇಕು, ಅದನ್ನು ಹೇಳಬೇಕಾಗಿಲ್ಲ ಅಲ್ವಾ.

ಟೈರಿನಲ್ಲೂ ಎರಡು ಸೆಟ್. ಮನೆಗೆ ನೀರು ಚೆನ್ನಾಗಿ ಹೊರಹಾಕುವ ಸಾಧಾರಣ ಟೈರು. ಟ್ರ್ಯಾಕಿಗೆ ಸೆಕೆಂಡ್ ಹ್ಯಾಂಡ್ ಅಲಾಯ್ ಮೇಲೆ ಮೆತ್ತನೆ ರಬ್ಬರಿನದ್ದು. ಹಿಂದಿನ ಸೀಟು ಮಡಚಿದರೆ ನಾಲ್ಕೂ ಚಕ್ರ, ಜಾಕ್, ಹೆಲ್ಮೆಟ್ ಎಲ್ಲ ಹಿಡಿಯುತ್ತೆ. ತಣ್ಣಗಿದ್ದಾಗ ಗಾಳಿ ಮೂವತ್ತು ಇಟ್ಟರೆ ಬಿಸಿಯಾದಾಗ ಮೂವತ್ತಾರು ಮೂವತ್ತೇಳಕ್ಕೆ ಹೋಗುತ್ತೆ, ಅದು ಜಾಸ್ತಿ. ಎಷ್ಟಕ್ಕೆ ಇಳಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮುಂದಿನ ಕ್ಯಾಂಬರಿಗೆ, ಅಂದರೆ ಚಕ್ರದ ಮೇಲ್ಭಾಗ ಒಳಗೆ ವಾಲುವುದಕ್ಕೆ, ಬೋಲ್ಟ್ ಹಾಕಿಸಿದ್ದೇನೆ, ಒಂದೂವರೆ ಡಿಗ್ರಿ ಹತ್ತಿರ. ಅಷ್ಟರಲ್ಲೇ ಟೈರಿನ ಹೊರ ಅಂಚು ತಿನ್ನುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಕರಿಯಲ್ಲಿ ಲ್ಯಾಪಿಗೆ ಮೂರು ಸೆಕೆಂಡು ಇಳಿದದ್ದು ಈ ಟೈರು ಮತ್ತು ಕ್ಯಾಂಬರಿನಿಂದ. ಎಂಜಿನ್ನಿಗೆ ಒಂದು ರೂಪಾಯಿ ಖರ್ಚು ಮಾಡಿಲ್ಲ. ರೀಮ್ಯಾಪ್ (ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸುವುದು) ಮಾಡಿಸು ಅಂತ ಹೇಳುವವರು ಬಹಳ ಜನ. ಮಾರ್ಚ್ ಮಧ್ಯಾಹ್ನ ಕೊಯಮತ್ತೂರಿನ ಬಿಸಿಲಿನಲ್ಲಿ ಪುಟ್ಟ ಟರ್ಬೊ ಈಗಲೇ ಏದುಸಿರು ಬಿಡುತ್ತೆ, ಇನ್ನೂ ಹಿಂಡುವುದು ಯಾಕೆ.

ಒಂದೆರಡು ಹುಚ್ಚು ಪ್ರಯೋಗವನ್ನೂ ಹೇಳುತ್ತೇನೆ. ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಹಾಕಲು ಹೋದಾಗ ಅಲ್ಲಿನ ವೇಬ್ರಿಡ್ಜ್ ಮೇಲೆ ಕಾರು ನಿಲ್ಲಿಸಿದೆ. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಪೂರ್ತಿ. ಅರ್ಧ ಟ್ಯಾಂಕ್ ಪೆಟ್ರೋಲು ಮತ್ತು ನಾನು ಸೇರಿ ಸಾವಿರದ ನಲವತ್ತರ ಹತ್ತಿರ, ಅದರಲ್ಲಿ ಮುಂದೆಯೇ ಶೇಕಡಾ ಅರವತ್ತೆರಡು. ಹತ್ತು ಕೆಜಿ ಆಚೆ ಈಚೆ ಇರಬಹುದು, ಅದು ಲಾರಿ ತೂಗುವ ಯಂತ್ರ. ಹಿಂದಿನ ಸೀಟು ಬಿಚ್ಚಿಟ್ಟು ಹೋದ ಸಲ ಟೈಮ್ ಏನೂ ಇಳಿಯಲಿಲ್ಲ, ಹಿಂಭಾಗ ಇನ್ನೂ ಹಗುರವಾಗಿ ಬ್ರೇಕ್ ಹಿಡಿದಾಗ ಕುಣಿಯಿತು. ಸೀಟು ಈಗ ಇದ್ದಲ್ಲೇ ಇದೆ.

ಇನ್ನೊಂದು ನಮ್ಮ ಕಾಫಿ ಒಣಗಿಸುವ ಕಣದಲ್ಲಿ. ಜುಲೈನಲ್ಲಿ ಅಲ್ಲಿ ಕಾಫಿ ಇರಲ್ಲ, ಸಿಮೆಂಟು ಪಾಚಿ ಕಟ್ಟಿ ಜಾರುತ್ತಿರುತ್ತೆ. ನಾಲ್ಕು ಬಕೆಟ್ ಇಟ್ಟು ಎರಡನೇ ಗೇರಿನಲ್ಲಿ ಸುತ್ತು ಹೊಡೆಯುವುದು. ಇಪ್ಪತ್ತೈದು ಕಿಲೋಮೀಟರ್ ವೇಗಕ್ಕೇ ಮುಂದಿನ ಚಕ್ರ ಹಿಡಿತ ಬಿಡುತ್ತೆ. ಯಾವಾಗ ಬಿಟ್ಟಿತು, ಯಾವಾಗ ಮತ್ತೆ ಹಿಡಿಯಿತು ಅಂತ ಸ್ಟೇರಿಂಗಿನಲ್ಲೇ ಗೊತ್ತಾಗುತ್ತೆ. ಟೈರು ಸವೆಯಲ್ಲ, ಫೀಸು ಇಲ್ಲ. ಅಪ್ಪ ಮಾತ್ರ "ಕಣ ಒಡೆದ್ರೆ ನೀನೇ ಮಾಡಿಸ್ಬೇಕು" ಅಂತ ಜಗಲಿಯಿಂದಲೇ ಕೂಗುತ್ತಾರೆ.

ಹೋಗುವ ದಾರಿ ಮೈಸೂರು, ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲ. ಸುಮಾರು ಮುನ್ನೂರು ಕಿಲೋಮೀಟರ್. ದಿಂಬಂನಲ್ಲಿ ಇಪ್ಪತ್ತೇಳು ಹೇರ್‌ಪಿನ್ ತಿರುವು, ರಾತ್ರಿ ಸಂಚಾರ ನಿಷೇಧ ಬೇರೆ. ಹಾಗಾಗಿ ಹಿಂದಿನ ದಿನವೇ ಹೊರಟು ಸಂಜೆಯೊಳಗೆ ತಲುಪಿ ಚಕ್ರ, ಡಿಸ್ಕ್ ಬದಲಿಸಿ ಮಲಗುತ್ತೇನೆ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೂ ಹೋಗಿದ್ದೇನೆ. ಅದು 3.7 ಕಿಲೋಮೀಟರಿನದ್ದು, ವೇಗದ ತಿರುವುಗಳು. ಅಲ್ಲಿ 102 ಪಿಎಸ್ ಸಾಲದು ಅನ್ನಿಸುವುದು ನಿಜ. ಕರಿ ಅದಕ್ಕಿಂತ ಬಹಳ ಚಿಕ್ಕದು, ತಿರುವು ಮೇಲೆ ತಿರುವು. ಹಗುರ ಕಾರಿಗೆ ಅದೇ ಹಬ್ಬ. ಒಂದು ಸಲ 150 ಪಿಎಸ್‌ನ ಸೆಡಾನ್ ತಂದಿದ್ದ ಮೈಸೂರಿನ ಹುಡುಗ ನನ್ನ ಹಿಂದೆಯೇ ಇಡೀ ಸೆಷನ್ ಕಳೆದ. ಸ್ಟ್ರೇಟಿನಲ್ಲಿ ಹತ್ತಿರ ಬರುತ್ತಿದ್ದ, ಬ್ರೇಕಿಂಗಿನಲ್ಲಿ ಮಾಯ. ಆಮೇಲೆ ಬಂದು ಬಾನೆಟ್ ತೆಗೆಸಿ ನೋಡಿದ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. ಕಾರು ಬಿಟ್ಟು, ಎರಡನೇ ಸೆಟ್ ಚಕ್ರ ಟೈರು ಐವತ್ತೈದು ಸಾವಿರ, ಡ್ಯಾಂಪರ್ ಮೂವತ್ತರ ಹತ್ತಿರ, ಬ್ರೇಕಿಗೆ ಇಲ್ಲಿವರೆಗೆ ನಲವತ್ತು. ಟ್ರ್ಯಾಕ್ ಫೀಸು ದಿನಕ್ಕೆ ಎಂಟು ಸಾವಿರದ ಆಸುಪಾಸು. ಪೆಟ್ರೋಲು ಊರಿನಲ್ಲಿ ಲೀಟರಿಗೆ ಹದಿನೈದು ಹದಿನಾರು ಕಿಲೋಮೀಟರ್, ಟ್ರ್ಯಾಕಿನಲ್ಲಿ ಐದು ಬಂದರೆ ಪುಣ್ಯ. ಒಂದು ಹೋಗಿಬರುವಿಕೆಗೆ ಎಲ್ಲ ಸೇರಿ ಇಪ್ಪತ್ತು ಸಾವಿರ ಇಟ್ಟುಕೊಳ್ಳಿ. ಇಲ್ಲಿ ಇನ್ನೊಂದು ತೊಡಕಿದೆ. ತಮಿಳುನಾಡಿನಲ್ಲಿ ಹಿಂಗಾರು ಮುಗಿದು ಟ್ರ್ಯಾಕ್ ಒಣಗುವುದು ಜನವರಿಗೆ. ರೊಬಸ್ಟಾ ಕೊಯ್ಲು ಶುರುವಾಗುವುದೂ ಆಗಲೇ. ಆಳು ಸಿಗದ ಕಾಲದಲ್ಲಿ ಶನಿವಾರ ಭಾನುವಾರ ತೋಟ ಬಿಟ್ಟು ಹೊರಡುವುದನ್ನು ಮನೆಯಲ್ಲಿ ಒಪ್ಪಿಸಬೇಕು. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಅದು ಸ್ವಲ್ಪ ಸುಲಭ. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬೀಳುತ್ತೆ ಅಂತ ಗೊತ್ತಿಲ್ಲದ ಫೆಬ್ರವರಿ ಕೊನೆಯಲ್ಲಿ ಸ್ಪ್ರಿಂಕ್ಲರ್ ಬಿಟ್ಟು ಹೋಗಲು ಸಾಧ್ಯವೇ ಇಲ್ಲ, ಆ ವಾರದ ಬುಕಿಂಗ್ ನಾನು ಮಾಡುವುದೇ ಇಲ್ಲ.

ಈ ಸಲ ಮುಂದಿನ ಬ್ರೇಕಿಗೆ ಗಾಳಿ ಬರುವ ಹಾಗೆ ಫಾಗ್ ಲ್ಯಾಂಪಿನ ಜಾಗದಿಂದ ಪೈಪ್ ಎಳೆಯಬೇಕು ಅಂತ ಇದೆ. ಕಾರಿಗೆ ಖಾಯಂ ಬದಲಾವಣೆ ಆಗಬಾರದು, ವಾಪಸ್ ಬಿಚ್ಚಿ ಲ್ಯಾಂಪ್ ಕೂರಿಸಲು ಬರಬೇಕು. ಮಂಜಿನ ಊರಿನಲ್ಲಿ ಫಾಗ್ ಲ್ಯಾಂಪ್ ಇಲ್ಲದೆ ಆಗಲ್ಲ. ಪೈಪು ತಂದಾಗಿದೆ, ಕ್ಲ್ಯಾಂಪ್ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟು ಬಂದಿದ್ದೇನೆ.