ಇಂಟರ್‌ವ್ಯೂನಲ್ಲಿ ನಾನು ಕೇಳುವ ಪ್ರಶ್ನೆಗಳು: ಬೆಂಗಳೂರಿನ ಐಟಿ ಕೆಲಸದ ಲೆಕ್ಕ

ಇಂಟರ್‌ವ್ಯೂ ಕೊನೆಯಲ್ಲಿ ಕಂಪನಿಯವರು ‘ನಮ್ಮನ್ನೇನಾದರೂ ಕೇಳಬೇಕಾ?’ ಅಂದಾಗ ಸಂಬಳ ಬಿಡಿಸಿ ಕೇಳುತ್ತೇನೆ ಅಂದರೆ ಗೆಳೆಯರೆಲ್ಲ ‘ಸುಮ್ನಿರು, ಆಫರ್ ಕೈತಪ್ಪುತ್ತೆ’ ಅನ್ನುತ್ತಿದ್ದರು. ಕೈತಪ್ಪಲಿಲ್ಲ. ಈ ಸಲ ಸಿಟಿಸಿ (ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂಕಿ ಒಂದು ರೂಪಾಯಿಯೂ ಏರಲಿಲ್ಲ, ಆದರೆ ವೇರಿಯಬಲ್‌ನ (ಸಾಧನೆ ನೋಡಿ ಕೊಡುವ ಹಣ) ದೊಡ್ಡ ಪಾಲು ತಿಂಗಳು ತಿಂಗಳು ಖಾತ್ರಿಯಾಗಿ ಬರುವ ಫಿಕ್ಸೆಡ್‌ಗೆ ಬಂತು. ಕೈಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಹೆಚ್ಚು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ನಿಯಮ: ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಅನ್ನೋದು. ಟೆಕ್ನಿಕಲ್ ರೌಂಡ್‌ನವರಿಗೆ ದುಡ್ಡಿನ ವಿಷಯ ಗೊತ್ತಿರುವುದಿಲ್ಲ, ಎಚ್‌ಆರ್‌ಗೆ ರಾತ್ರಿ ಕೆಲಸದ ವಿಷಯ ಗೊತ್ತಿದ್ದರೂ ಹೇಳುವುದಿಲ್ಲ. ಎರಡನೆಯದು: ಉತ್ತರ ಒಂದು ಅಂಕಿಯಾಗಿರಬೇಕು, ಇಲ್ಲವೇ ಈಗಾಗಲೇ ನಡೆದ ಸಂಗತಿಯಾಗಿರಬೇಕು. ‘ವರ್ಕ್ ಲೈಫ್ ಬ್ಯಾಲೆನ್ಸ್ ಹೇಗಿದೆ?’ ಅಂದರೆ ಎಲ್ಲ ಕಡೆ ‘ಚೆನ್ನಾಗಿದೆ’. ಆ ಪ್ರಶ್ನೆ ಎಲ್ಲೂ ಕೆಲಸ ಮಾಡಲಿಲ್ಲ. ‘ಕಂಪನಿ ಕಲ್ಚರ್ ಹೇಗೆ?’, ‘ಬೆಳೆಯೋಕೆ ಅವಕಾಶ ಇದೆಯಾ?’ ಇವೂ ಅಷ್ಟೇ, ಐದು ನಿಮಿಷ ದಂಡ.

ಬದಲಿಗೆ ಟೀಮಿನಲ್ಲಿರುವ ಎಂಜಿನಿಯರ್‌ಗೆ ಹೀಗೆ ಕೇಳಿ: ‘ಕಳೆದ ತಿಂಗಳು ರಾತ್ರಿ ಹತ್ತರ ಮೇಲೆ ಎಷ್ಟು ಸಲ ಅಲರ್ಟ್ ಬಂತು? ಆನ್‌ಕಾಲ್ ಸರದಿ ಎಷ್ಟು ವಾರಕ್ಕೊಮ್ಮೆ?’ ಆನ್‌ಕಾಲ್ ಅಂದರೆ ಸಿಸ್ಟಮ್ ಕೈಕೊಟ್ಟು ಅಲರ್ಟ್ ಬಂದಾಗ ಯಾವ ಹೊತ್ತಲ್ಲೂ ಎದ್ದು ನೋಡಬೇಕಾದ ಪಾಳಿ. ನಾಲ್ಕು ಜನರ ಟೀಮಾದರೆ ತಿಂಗಳಿಗೊಂದು ವಾರ ನಿಮ್ಮದೇ. ಅಮೆರಿಕದ ಟೀಮ್ ಜೊತೆ ಕಾಲ್ ಇದ್ದರೆ ಯಾವ ಕರಾವಳಿ, ಪೂರ್ವದ್ದೋ ಪಶ್ಚಿಮದ್ದೋ ಅಂತ ಕೇಳಿ. ಕ್ಯಾಲಿಫೋರ್ನಿಯಾದ ಬೆಳಗಿನ ಒಂಬತ್ತು ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹತ್ತೂವರೆ. ಜುಲೈನಲ್ಲಿ ಇಂಟರ್‌ವ್ಯೂ ಆದವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಮ್ಯಾನೇಜರ್‌ಗೆ ಎರಡು. ‘ಈ ಸೀಟು ಹೊಸದಾ, ಖಾಲಿಯಾಗಿದ್ದಾ? ಖಾಲಿಯಾಗಿದ್ದರೆ ಹಿಂದಿನವರು ಎಷ್ಟು ದಿನ ಇದ್ದರು?’ ವರ್ಷದೊಳಗೆ ಇಬ್ಬರು ಬಿಟ್ಟಿದ್ದರೆ ತಪ್ಪು ಆ ಇಬ್ಬರದು ಮಾತ್ರ ಆಗಿರುವುದು ಅಪರೂಪ. ಆಮೇಲೆ, ‘ಮೊದಲ ಮೂರು ತಿಂಗಳಲ್ಲಿ ನಾನು ಏನು ಮುಗಿಸಿದರೆ ನಿಮಗೆ ಸಮಾಧಾನ?’ ತಡವರಿಸಿದರೆ ಕೆಲಸ ಏನೆಂದು ಅವರಿಗೇ ಇನ್ನೂ ತೀರ್ಮಾನವಾಗಿಲ್ಲ. ಮೂರನೆಯದೂ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳಲು ಶುರುಮಾಡಿದರೆ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಇನ್ನು ಎಚ್‌ಆರ್. ಹದಿನೆಂಟು ಲಕ್ಷದ ಸಿಟಿಸಿ ಇಟ್ಟುಕೊಳ್ಳಿ. ಹನ್ನೆರಡರಿಂದ ಭಾಗಿಸಿ ‘ತಿಂಗಳಿಗೆ ಒಂದೂವರೆ ಲಕ್ಷ’ ಅಂತ ಮನೆಯಲ್ಲಿ ಹೇಳಿಬಿಡಬೇಡಿ. ವೇರಿಯಬಲ್ ಶೇ 15 ಅಂದರೆ 2.7 ಲಕ್ಷ ಪಕ್ಕಕ್ಕೆ. ಬೇಸಿಕ್ (ಮೂಲ ವೇತನ) ಸಿಟಿಸಿಯ ಶೇ 40 ಆದರೆ 7.2 ಲಕ್ಷ. ಅದರ ಮೇಲೆ ಕಂಪನಿ ಪಾಲಿನ ಪಿಎಫ್ ಶೇ 12, ಅಂದರೆ 86 ಸಾವಿರ ಚಿಲ್ಲರೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಶೇ 4.81, 34 ಸಾವಿರ ಚಿಲ್ಲರೆ. ಇನ್ಶೂರೆನ್ಸ್ ಪ್ರೀಮಿಯಂ ಇಪ್ಪತ್ತು ಸಾವಿರ ಅನ್ನಿ. ಉಳಿದದ್ದು ತಿಂಗಳಿಗೆ ಸುಮಾರು 1.16 ಲಕ್ಷ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 7,200, ವೃತ್ತಿ ತೆರಿಗೆ 200, ಆದಾಯ ತೆರಿಗೆ ಕಳೆದರೆ ಕೈಗೆ ಒಂದು ಲಕ್ಷದ ಆಸುಪಾಸು.

ಹಾಗಾಗಿ ಪ್ರಶ್ನೆಗಳು ಈ ಕ್ರಮದಲ್ಲಿ: ಪಿಎಫ್ ಪೂರ್ತಿ ಬೇಸಿಕ್ ಮೇಲೋ, ಕಾನೂನಿನ 15,000ದ ವೇತನ ಮಿತಿ ಮೇಲೋ? ಮಿತಿಯಾದರೆ ತಿಂಗಳಿಗೆ 1,800 ಅಷ್ಟೇ, ಎರಡೂ ಪಾಲಿನ ವ್ಯತ್ಯಾಸ ಹತ್ತು ಸಾವಿರದ ಮೇಲೆ. ವೇರಿಯಬಲ್ ಕಳೆದ ಎರಡು ವರ್ಷ ಈ ಗ್ರೇಡ್‌ನವರಿಗೆ ಶೇಕಡಾ ಎಷ್ಟು ಸಿಕ್ಕಿತು? ‘ಶೇ 100ರವರೆಗೂ ಸಿಗುತ್ತೆ’ ಅನ್ನೋದು ಉತ್ತರವೇ ಅಲ್ಲ, ಇನ್ನೊಮ್ಮೆ ಕೇಳಿ. ಮೂರು ತಿಂಗಳಿಗೊಮ್ಮೆಯೋ, ವರ್ಷಕ್ಕೊಮ್ಮೆಯೋ? ಹಣ ಹಾಕುವ ದಿನ ನೋಟಿಸ್‌ನಲ್ಲಿದ್ದರೆ (ರಾಜೀನಾಮೆ ಕೊಟ್ಟು ಉಳಿದ ದಿನ ಕಳೆಯುತ್ತಿದ್ದರೆ) ಬರುತ್ತೋ ಇಲ್ಲವೋ? ಬಹಳ ಕಡೆ ಬರುವುದಿಲ್ಲ.

ಜಾಯಿನಿಂಗ್ ಬೋನಸ್ ಎರಡು ಲಕ್ಷ ಅಂದರೆ ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಹೋಗಿ ಬರುವುದು 1.7 ಲಕ್ಷದ ಹತ್ತಿರ. ವರ್ಷದೊಳಗೆ ಬಿಟ್ಟರೆ ವಾಪಸ್ ಕೇಳುವುದು ಪೂರ್ತಿ ಎರಡು ಲಕ್ಷವೋ, ಕೈಗೆ ಬಂದಷ್ಟೋ? ಇದ್ದ ತಿಂಗಳುಗಳಿಗೆ ತಕ್ಕಂತೆ ಕಡಿಮೆಯಾಗುತ್ತೋ?

ನೋಟಿಸ್ 90 ದಿನ ಅಂದ ಕೂಡಲೇ ‘ನೀವು ನನ್ನನ್ನು ತೆಗೆಯೋದಾದರೆ ಎಷ್ಟು ದಿನ?’ ಅಂತ ಕೇಳುತ್ತೇನೆ. ನಗುತ್ತಲೇ ಕೇಳಬೇಕು. ಬೈಔಟ್ (ನೋಟಿಸ್ ದಿನಗಳ ಬದಲು ಹಣ ಕಟ್ಟಿ ಬೇಗ ಹೊರಡುವುದು) ಲೆಕ್ಕ ಬೇಸಿಕ್ ಮೇಲೋ ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ) ಮೇಲೋ ಅನ್ನೋದು ಇನ್ನೂ ಮುಖ್ಯ. ಮೇಲಿನ ಉದಾಹರಣೆಯಲ್ಲಿ ಮೂರು ತಿಂಗಳ ಬೇಸಿಕ್ 1.8 ಲಕ್ಷ, ಗ್ರಾಸ್ ಆದರೆ ಮೂರೂವರೆ ಲಕ್ಷದ ಹತ್ತಿರ.

ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಸೇರುತ್ತಾರಾ, ಕೋ-ಪೇ (ಬಿಲ್‌ನಲ್ಲಿ ನಾವೇ ಕಟ್ಟಬೇಕಾದ ಪಾಲು) ಎಷ್ಟು, ರೂಮ್ ಬಾಡಿಗೆಗೆ ಮಿತಿ ಇದೆಯಾ ಕೇಳಿ. ಐದು ಲಕ್ಷದ ಪಾಲಿಸಿಗೆ ಶೇ 1ರ ಮಿತಿ ಇದ್ದರೆ ದಿನಕ್ಕೆ ಐದು ಸಾವಿರ. ಎಂಟು ಸಾವಿರದ ರೂಮಿಗೆ ಹೋದರೆ ಹೆಚ್ಚುವರಿ ಮೂರು ಸಾವಿರ ಮಾತ್ರ ಅಲ್ಲ, ಬಿಲ್‌ನ ಬೇರೆ ಬಾಬತ್ತುಗಳಿಗೂ ಅದೇ ಪ್ರಮಾಣದಲ್ಲಿ ಕತ್ತರಿ.

ಕಾಂಟ್ರಾಕ್ಟ್ (ಮಧ್ಯದ ಏಜೆನ್ಸಿ ಮೂಲಕದ ಕೆಲಸ) ವಾಸನೆ ಬಂದರೆ ಒಂದೇ ಪ್ರಶ್ನೆ ಸಾಕು: ‘ಪೇಸ್ಲಿಪ್ ಮೇಲೆ ಯಾರ ಹೆಸರಿರುತ್ತೆ?’

ಪಕ್ಕದಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ನೇರ ಇಂಟರ್‌ವ್ಯೂಗೆ ಸಂಜೆಯ ಕೊನೆಯ ಸ್ಲಾಟ್ ಕೇಳಿಕೊಂಡು, ಹೊರಬರುವಾಗ ಏಳು ಗಂಟೆಗೆ ಎಷ್ಟು ಸೀಟು ತುಂಬಿವೆ ಅಂತ ನೋಡುವುದು. ಇದು ಅರ್ಧ ಫಲಿಸಿತು. ಔಟರ್ ರಿಂಗ್ ರೋಡ್ ಕಡೆ ಟ್ರಾಫಿಕ್ ಇಳಿಯಲಿ ಅಂತಲೇ ಜನ ಕೂತಿರುತ್ತಾರೆ. ಎಲ್ಲ ಪ್ರಶ್ನೆಗಳನ್ನೂ ಮೊದಲೇ ಮೇಲ್‌ನಲ್ಲಿ ಕಳಿಸಿ ನೋಡಿದ್ದು ಪೂರ್ತಿ ನೆಲಕಚ್ಚಿತು. ಪಾಲಿಸಿ ಪಿಡಿಎಫ್ ಒಂದನ್ನು ಅಂಟಿಸಿ ಕಳಿಸುತ್ತಾರೆ, ಅಷ್ಟೇ.

ಮೇಲ್‌ಗೆ ಸರಿಯಾದ ಜಾಗ ಫೋನ್ ಮಾತು ಮುಗಿದ ಮೇಲೆ, ಆಫರ್ ಒಪ್ಪುವ ಮೊದಲು. ‘ಇವತ್ತು ಮಾತಾಡಿದಂತೆ ವೇರಿಯಬಲ್ ಇಷ್ಟು, ಬೈಔಟ್ ಬೇಸಿಕ್ ಮೇಲೆ, ಆಫೀಸಿಗೆ ವಾರಕ್ಕೆ ಮೂರು ದಿನ, ದಯವಿಟ್ಟು ಖಚಿತಪಡಿಸಿ’ ಅಂತ ನಾಲ್ಕು ಸಾಲು. ಎರಡು ಕೆಲಸದ ದಿನ ಕಾದು, ಉತ್ತರವಿಲ್ಲದಿದ್ದರೆ ಒಮ್ಮೆ ಫೋನ್. ಹಳೇ ಕಂಪನಿಯಲ್ಲಿ ಪೇಪರ್ ಹಾಕುವುದು (ರಾಜೀನಾಮೆ ಕೊಡುವುದು) ‘ಕನ್ಫರ್ಮ್ಡ್’ ಅನ್ನುವ ಮೇಲ್ ಇನ್‌ಬಾಕ್ಸ್‌ಗೆ ಬಂದ ಮೇಲೇ, ಅದರ ಒಂದು ಪ್ರತಿಯನ್ನು ಸ್ವಂತ ಡ್ರೈವ್‌ಗೆ ಇಳಿಸಿಕೊಂಡು.