ಮರಳು, ಸಿಮೆಂಟು, ಕಲ್ಲುಚಪ್ಪಡಿ: ಕೈಯಿಂದಲೇ ಸಾಗಿಸುವ ಬಗೆ

ಮನೆ ಕೆಲಸಕ್ಕೆ ತರಿಸಿದ ಸಾಮಾನಿನಲ್ಲಿ ಬೆನ್ನಿಗೆ ಕುತ್ತು ತರುವುದು ದೂರಕ್ಕಿಂತ ಹೆಚ್ಚಾಗಿ ನೆಲದಿಂದ ಎತ್ತುವ ಕ್ಷಣ. ಒಂದೇ ಮೂಟೆಯನ್ನು ಗೇಟಿನ ಬಳಿ ಇಳಿಸಿ, ಮತ್ತೆ ಎತ್ತಿ ಅಂಗಳಕ್ಕೆ, ಅಲ್ಲಿಂದ ಮತ್ತೆ ಎತ್ತಿ ಒಳಗೆ ಒಯ್ದರೆ ಮೂರು ಪಟ್ಟು ಶ್ರಮ. ಹಾಗಾಗಿ ಲಾರಿ ಬರುವ ಮೊದಲೇ ಯಾವುದು ಎಲ್ಲಿ ಇಳಿಯಬೇಕೆಂದು ಗುರುತು ಹಾಕಿಡಿ. ಮರಳು ಬೀಳಬೇಕಾದ್ದು ಗಾರೆ ಕಲಸುವ ಜಾಗದ ಪಕ್ಕದಲ್ಲೇ.

ಮುಟ್ಟುವ ಮೊದಲು ತೂಕ ಗೊತ್ತಿರಲಿ. ಒಣ ಮರಳು ಘನ ಮೀಟರಿಗೆ ಸುಮಾರು 1,600 ಕೆಜಿ. 10 ಲೀಟರಿನ ಬಕೆಟ್ ತುಂಬಿದರೆ 16 ಕೆಜಿ, ಮಳೆಗೆ ನೆನೆದಿದ್ದರೆ ಇನ್ನೂ ಹೆಚ್ಚು. 20 ಮಿಮೀ ದಪ್ಪದ ಗ್ರಾನೈಟ್ ಚದರ ಮೀಟರಿಗೆ ಸುಮಾರು 54 ಕೆಜಿ. ಕಂಬಿಗೆ ಸುಲಭದ ಲೆಕ್ಕವಿದೆ: ವ್ಯಾಸವನ್ನು (ಮಿಮೀಯಲ್ಲಿ) ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಸಿಗುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ (NIOSH) ಸಂಸ್ಥೆಯ ಸೂತ್ರದಲ್ಲಿ, ಎಲ್ಲ ಅನುಕೂಲವೂ ಇದ್ದಾಗ ಒಬ್ಬರು ಎತ್ತಬಹುದಾದ ಮಿತಿ 23 ಕೆಜಿ. ಅಂದರೆ 50 ಕೆಜಿಯ ಸಿಮೆಂಟ್ ಮೂಟೆ ಕಡಿಮೆಯೆಂದರೂ ಇಬ್ಬರ ಕೆಲಸ. ಒಬ್ಬರೇ ಇದ್ದರೆ ಮೂಟೆ ಬಿಚ್ಚಿ ಬಕೆಟ್‌ಗಳಲ್ಲಿ ಸಾಗಿಸಿ. ತಡವಾದರೂ ಅದೇ ಸರಿ.

ಕೈಗಾಡಿ ಇದ್ದರೂ ತುಂಬುವ ರೀತಿ ತಪ್ಪಿದರೆ ಪ್ರಯೋಜನವಿಲ್ಲ. ಚಕ್ರದ ಅಚ್ಚಿನಿಂದ ಹಿಡಿಕೆಯವರೆಗೆ 140 ಸೆಂಮೀ ಇದೆ, ಹೊರೆ 100 ಕೆಜಿ ಎಂದುಕೊಳ್ಳಿ. ಹೊರೆಯ ನಡುಭಾಗ ಅಚ್ಚಿನಿಂದ 35 ಸೆಂಮೀ ದೂರದಲ್ಲಿದ್ದರೆ ನಿಮ್ಮ ಕೈಗೆ ಬೀಳುವುದು 25 ಕೆಜಿ. 70 ಸೆಂಮೀ ದೂರವಾದರೆ 50 ಕೆಜಿ. ಆದ್ದರಿಂದ ಮರಳನ್ನು ಮುಂದಕ್ಕೆ, ಚಕ್ರದ ಮೇಲಕ್ಕೇ ಸುರಿಯಿರಿ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಪ್ರತಿ ಹೆಜ್ಜೆಗೂ ಗಾಡಿ ಹಿಂದಕ್ಕೆ ಎಳೆಯುತ್ತದೆ. ಸಡಿಲ ಮಣ್ಣಿನ ಮೇಲೆ ಹಲಗೆ ಹಾಸಿ. 30 ಸೆಂಮೀ ಮೆಟ್ಟಿಲು ಹತ್ತಿಸಲು ಕನಿಷ್ಠ 2.4 ಮೀಟರ್ ಉದ್ದದ ಹಲಗೆ ಬೇಕು; ನಡುವೆ ಬಾಗದಂತೆ ಅಡಿಗೆ ಇಟ್ಟಿಗೆ ಕೊಡಿ, ಜಾರದಂತೆ ಮೇಲಿನ ತುದಿಯನ್ನು ಕಟ್ಟಿ.

ಕಲ್ಲುಚಪ್ಪಡಿ, ಗಾಜು, ದೊಡ್ಡ ಟೈಲ್ಸ್, ಇವನ್ನು ಎಂದಿಗೂ ಮಲಗಿಸಿ ಹೊರಬೇಡಿ. ಇಬ್ಬರು ಎರಡು ತುದಿ ಹಿಡಿದು ಅಡ್ಡಲಾಗಿ ಎತ್ತಿದರೆ ಚಪ್ಪಡಿ ತನ್ನ ಭಾರಕ್ಕೇ ನಡುವೆ ಬಾಗಿ ಸೀಳುತ್ತದೆ. ಸಿಂಕಿಗೆ ರಂಧ್ರ ಕೊರೆದ ಅಡುಗೆಕಟ್ಟೆಯ ಕಲ್ಲಂತೂ ರಂಧ್ರದ ಪಕ್ಕದ ಸಪೂರ ಪಟ್ಟಿಯಲ್ಲೇ ಮುರಿಯುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ರಂಧ್ರಕ್ಕೆ ಹತ್ತಿರದ ಅಂಚು ಮೇಲಿರುವಂತೆ ಹಿಡಿದು ಒಯ್ಯಿರಿ. ಗೋಡೆಗೆ ಒರಗಿಸುವಾಗ ಕೆಳಗೆ ಎರಡು ಮರದ ಪಟ್ಟಿ ಇಟ್ಟರೆ ಮುಂದಿನ ಸಲ ಬೆರಳು ತೂರಿಸಲು ಜಾಗ ಉಳಿಯುತ್ತದೆ.

ಎತ್ತಲಾಗದ ಕಲ್ಲಿಗೆ ಹಾರೆ ಮತ್ತು ಪೈಪುಗಳು. 150 ಸೆಂಮೀ ಹಾರೆಯ ತುದಿಯಿಂದ 15 ಸೆಂಮೀ ದೂರದಲ್ಲಿ ಗಟ್ಟಿ ಮರದ ತುಂಡನ್ನು ಒತ್ತುಕೊಟ್ಟರೆ ನಿಮ್ಮ ಬಲ ಒಂಬತ್ತು ಪಟ್ಟಾಗುತ್ತದೆ. 200 ಕೆಜಿ ಕಲ್ಲಿನ ಒಂದು ಅಂಚನ್ನು ಎತ್ತಲು ಬೇಕಾದ್ದು ಸುಮಾರು 100 ಕೆಜಿ ಬಲ, ಹಾಗಾಗಿ ಕೈಯಿಂದ 11 ಕೆಜಿಯಷ್ಟು ಒತ್ತಿದರೆ ಸಾಕು. ಎದ್ದ ತಕ್ಷಣ ಮರದ ತುಂಡು ತುರುಕಿ; ಕೈಯನ್ನಂತೂ ಅಡಿಗೆ ಹಾಕಲೇಬೇಡಿ. ನಂತರ 40 ಮಿಮೀ ದಪ್ಪದ ಕಬ್ಬಿಣದ ಪೈಪುಗಳನ್ನು ಅಡ್ಡಲಾಗಿ ಸೇರಿಸಿ. ಕನಿಷ್ಠ ನಾಲ್ಕು ಇರಲಿ: ಮೂರು ಕಲ್ಲಿನಡಿ, ಒಂದು ಮುಂದೆ ಕಾಯುತ್ತಾ. ಹಿಂದೆ ಬಿಟ್ಟುಹೋದ ಪೈಪನ್ನು ತಂದು ಮುಂದಕ್ಕೆ ಇಡುತ್ತಾ ಹೋಗಿ. ಬಲಕ್ಕೆ ತಿರುಗಬೇಕಾದರೆ ಎಲ್ಲರೂ ಕಲ್ಲನ್ನೇ ದಬ್ಬಲು ನೋಡುತ್ತಾರೆ, ಅದು ಬೇಕಾಗಿಲ್ಲ. ಮುಂದಿನ ಪೈಪಿನ ಬಲತುದಿಯನ್ನು ಸುತ್ತಿಗೆಯಿಂದ ತುಸು ಹಿಂದಕ್ಕೆ ತಟ್ಟಿ. ಪೈಪು ಯಾವ ಕಡೆ ಉರುಳುತ್ತದೋ ಕಲ್ಲಿನ ಮೂತಿ ಆ ಕಡೆಗೇ ಹೊರಳುತ್ತದೆ. ಇಳಿಜಾರಿನಲ್ಲಿ ಮಾತ್ರ ಹಿಂದಿನಿಂದ ಹಗ್ಗದ ಹಿಡಿತವಿಲ್ಲದೆ ಈ ಉಪಾಯ ಮಾಡಕೂಡದು, ಕಲ್ಲಿನ ಮುಂದೆ ಯಾರೂ ನಿಲ್ಲಲೂ ಬಾರದು.

ಉದ್ದ ಕಂಬಿಯ ತೊಡಕು ತೂಕದ್ದಲ್ಲ. 12 ಮಿಮೀ, 12 ಮೀಟರಿನ ಕಂಬಿ ಹನ್ನೊಂದು ಕೆಜಿಯೂ ಇಲ್ಲ, ಆದರೆ ತುದಿಗಳು ಜೋರಾಗಿ ತುಯ್ಯುತ್ತವೆ. ಇಬ್ಬರೂ ಒಂದೇ ಕಡೆಯ ಹೆಗಲಿಗೆ ಹೊತ್ತು, ಒಟ್ಟಿಗೆ ಹೇಳಿಕೊಂಡೇ ಇಳಿಸಿ. ತಲೆಯ ಮೇಲೆ ವಿದ್ಯುತ್ ತಂತಿ ಇದ್ದರೆ ಅತ್ತ ಸುಳಿಯಬೇಡಿ.

ಮಹಡಿಗೆ ಸಾಗಿಸಿದ್ದನ್ನು ಎಲ್ಲಿ ಇಡುತ್ತೀರಿ ಎಂಬುದೂ ಗಂಭೀರ ವಿಷಯ. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕೆಜಿ ಹೊರೆಗೆ ಲೆಕ್ಕಹಾಕಿರುತ್ತಾರೆ. ಐದು ಸಿಮೆಂಟ್ ಮೂಟೆ ಒಂದರ ಮೇಲೊಂದು ಪೇರಿಸಿದರೆ ಚದರ ಮೀಟರಿನ ಮೂರನೇ ಒಂದು ಭಾಗದಷ್ಟು ಜಾಗದಲ್ಲೇ 250 ಕೆಜಿ. ಕೋಣೆಯ ನಡುವೆ ರಾಶಿ ಹಾಕಬೇಡಿ. ಭಾರ ಹೊರುವ ಗೋಡೆಯ ಉದ್ದಕ್ಕೆ ಒಂದೆರಡೇ ಸಾಲಾಗಿ ಹರಡಿ, ಅಂದಿಗೆ ಬೇಕಾದಷ್ಟನ್ನು ಮಾತ್ರ ಮೇಲಕ್ಕೆ ತನ್ನಿ.